ಸೊಲ್ಯೂಷನ್ ಕೋಣೆಯ ಗಾಳಿ

ಅಣ್ಣ ತಂಗಿ ಒಂದೇ ಮನೆಯಲ್ಲಿದ್ದರೂ ಮುಖ ಕೊಟ್ಟು ಮಾತಾಡಿ ವರ್ಷವಾಗಿತ್ತು. ಕೆಳಗೆ ಅಣ್ಣನ ಚಪ್ಪಲಿ ಕಾರ್ಖಾನೆ, ಮೇಲಿನ ಕೋಣೆಯಲ್ಲಿ ತಂಗಿ. ಕೂದಲಿಗಿಂತ ಸಾವಿರ ಪಟ್ಟು ಸಪೂರವಾದ ಎಳೆಗಳನ್ನು ಚಿಪ್ ಮೇಲೆ ಹರಡಿ, ಗಾಳಿಯಲ್ಲಿ ವಿಷ ಎಷ್ಟೇ ಕಡಿಮೆಯಿದ್ದರೂ ಪತ್ತೆಹಚ್ಚುವ ಸೆನ್ಸರ್ ಮಾಡುವುದು ಲ್ಯಾಬಿನಲ್ಲಿ ಅವಳ ಕೆಲಸ.

ಕಾರ್ಖಾನೆಯಲ್ಲಿ ಚಪ್ಪಲಿಗೆ ಅಟ್ಟೆ ಅಂಟಿಸುವ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಅವಳು ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದನ್ನು ಕಂಡು ತಂಗಿಗೆ ತಡೆಯಲಾಗಲಿಲ್ಲ. ಬೆಂಕಿಪೊಟ್ಟಣದಷ್ಟು ಸೆನ್ಸರ್ ತಂದು ಸೊಲ್ಯೂಷನ್ ಅನ್ನುವ ಅಂಟಿನ ಡಬ್ಬಗಳ ಮೇಲಿನ ಗೋಡೆಗೆ ಅಂಟಿಸಿದಳು. ಹಳೆಯ ಸೆನ್ಸರುಗಳು ಕೆಂಡದಂತೆ ಕಾಯಬೇಕು, ಬೆಂಕಿ ಹೊತ್ತಿಕೊಳ್ಳುವ ಅಂಟಿನ ಆವಿ ತುಂಬಿದ ಕೋಣೆಗೆ ಅವು ಅಪಾಯ, ಇದು ಕಾಯದೆಯೇ ಕೆಲಸ ಮಾಡುತ್ತದೆ ಎಂದು ಅಣ್ಣನಿಗೆ ಹೇಳಲು ಹೋದಳು. ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಚಾಡಿ ಹೇಳಲೆಂದೇ ತಂದಿದ್ದಾಳೆಂದು ಅವನ ಗುಮಾನಿ.

"ನಿನ್ನ ಮೂಗನ್ನ ಲ್ಯಾಬಲ್ಲೇ ತೂರಿಸ್ಕೋ. ಇಲ್ಲಿ ಬೇಡ," ಅಂದ. ಆದರೆ ಕಿತ್ತೆಸೆದರೆ ತಪ್ಪು ಒಪ್ಪಿಕೊಂಡಂತಾದೀತೆಂದು ಸೆನ್ಸರನ್ನು ಮುಟ್ಟಲಿಲ್ಲ.

ಮೊದಲ ದಿನವೇ, ಸೆನ್ಸರಿನಿಂದ ತಂಗಿಯ ಫೋನಿಗೆ ಬರುವ ವಿಷದ ಅಂಕಿ ಸುರಕ್ಷತೆಯ ಮಿತಿಯ ಐದು ಪಟ್ಟು ಏರಿತು. ಮರುದಿನ ಇದ್ದಕ್ಕಿದ್ದಂತೆ ನೆಲ ಕಚ್ಚಿತು. ತಂಗಿ ಬಂದು ನೋಡಿದರೆ ಯಾರೋ ಸೆನ್ಸರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಅವಳಿಗೆ ಪಿತ್ತ ನೆತ್ತಿಗೇರಿತು. ಕೆಲಸದವರೆಲ್ಲರ ಎದುರಿಗೇ ಅಣ್ಣನನ್ನು ಕಳ್ಳ, ಹೇಡಿ ಎಂದು ಜಾಡಿಸಿದಳು. ಅವನ ಮುಖ ಕೆಂಪೇರಿತು.

ಬಾಯಿ ಬಿಟ್ಟವಳು ದೊಡ್ಡಕ್ಕ. "ಸುತ್ತಿದ್ದು ನಾನು. ಕಾರ್ಖಾನೆ ಮುಚ್ಚಿಸಿದ್ರೆ ನಮ್ಮನೆ ಒಲೆ ನೀವು ಬಂದು ಹಚ್ತೀರಾ? ನನ್ನ ತಲೆನೋವು ನಾನು ನೋಡ್ಕೋತೀನಿ."

ತಂಗಿ ತಪ್ಪಾಯಿತು ಅನ್ನಬೇಕಿತ್ತು, ಅಣ್ಣನ ಮುಖ ನೋಡಿದ್ದೇ ಅದಕ್ಕೆ ಮನಸ್ಸಾಗಲಿಲ್ಲ. ಚೀಲ ಕಿತ್ತು ಬಿಸಾಡಿ, ಹದಿನೈದು ದಿನದಲ್ಲಿ ಗಾಳಿ ಹೊರಹಾಕುವ ಫ್ಯಾನ್ ಬರದಿದ್ದರೆ ದೂರು ಕೊಡುವುದು ಖಂಡಿತ ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಹತ್ತನೇ ದಿನ ಫ್ಯಾನ್ ಬಂತು. ರಸ್ತೆ ಕಡೆಯ ಗೋಡೆ ಖಾಲಿ ಬಿದ್ದಿದ್ದರೂ ಅಣ್ಣ ತಾನೇ ನಿಂತು ಫ್ಯಾನಿಗೆಂದು ಹಿಂದಿನ ಗೋಡೆ ಕೊರೆಸಿದ, ಸರಿಯಾಗಿ ತಂಗಿಯ ಕಿಟಕಿಯ ಕೆಳಗೆ. ಸಂಜೆ ಅವಳು ಬರುವಷ್ಟರಲ್ಲಿ ಹಾಸಿಗೆ, ಬಟ್ಟೆ, ದಿಂಬು ಎಲ್ಲದಕ್ಕೂ ಸೊಲ್ಯೂಷನ್ ವಾಸನೆ ಹಿಡಿದಿತ್ತು. ಫೋನು ತೆಗೆದು ನೋಡಿದಳು: ಕೆಳಗಿನ ಕೋಣೆಯ ಅಂಕಿ ಮಿತಿಯೊಳಗೆ ಇಳಿದಿತ್ತು.

ಜಗಳಕ್ಕೆಂದು ನಾಲ್ಕು ಮೆಟ್ಟಿಲು ಇಳಿದವಳು ಅಲ್ಲೇ ನಿಂತಳು. ದೊಡ್ಡಕ್ಕ ಅಟ್ಟೆ ಒತ್ತುತ್ತಾ ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ತಂಗಿಯನ್ನು ಕಂಡದ್ದೇ ನಗು ನುಂಗಿ ಮುಖ ತಿರುಗಿಸಿದಳು.

ತಂಗಿ ಹಿಂದಿರುಗಿ ಬಂದು ಕಿಟಕಿ ಮುಚ್ಚಿ ಮೊಳೆ ಹೊಡೆದಳು, ಕೆಳಗಿನವರಿಗೆ ಕೇಳಲಿ ಎಂದೇ ಜೋರಾಗಿ.