ಅಡುಗೆಮನೆಯ ಹೂಂ

ಅಕ್ಕ ತೀರಿಕೊಂಡ ಮುಂದಿನ ವಾರ ಅವಳ ಆಫೀಸಿನಿಂದ ಇಬ್ಬರು ಮನೆಗೆ ಬಂದರು. ಒಬ್ಬ, ಅಕ್ಕನ ಜೊತೆಯಲ್ಲೇ ತಲೆ ನೆರೆಸಿಕೊಂಡ ಚಿತ್ರಗಾರ. ಆಫೀಸಿನಲ್ಲಿ ಎಲ್ಲರೂ ಅವನನ್ನು ಬಣ್ಣದಪ್ಪ ಅನ್ನುತ್ತಿದ್ದರು. ಇನ್ನೊಬ್ಬಳು ಈಗ ಅಕ್ಕನ ಕುರ್ಚಿಯಲ್ಲಿ ಕೂತು ಜಾಹೀರಾತಿನ ಸಾಲು ಬರೆಯುವ ಹುಡುಗಿ. ಭಾನುವಾರದ ಪತ್ರಿಕೆಯಲ್ಲಿ ಅಕ್ಕನ ನೆನಪಿಗೆಂದು ಅರ್ಧ ಪುಟ ಹಿಡಿದಿದ್ದಾರಂತೆ. ಫೋಟೊ ಆರಿಸಿಯಾಗಿದೆ, ಕೆಳಗೆ ಒಂದು ಸಾಲು ಬೇಕು. ಹುಡುಗಿ ಬರೆದುಕೊಂಡೂ ಬಂದಿದ್ದಾಳೆ. ಆದರೆ ತಂಗಿ ಅಡುಗೆಮನೆಯಿಂದ 'ಹೂಂ' ಅನ್ನದೆ ಅಕ್ಕನ ಯಾವ ಸಾಲೂ ಅಚ್ಚಿಗೆ ಹೋದದ್ದಿಲ್ಲ, ಇದೂ ಹೋಗಬಾರದು ಎಂದು ಆಫೀಸಿನಲ್ಲಿ ತೀರ್ಮಾನವಾಗಿದೆ.

 ತಂಗಿ ಚಹಾಕ್ಕೆ ನೀರಿಡುವ ನೆಪ ಹೇಳಿ ಎದ್ದು ಒಳಗೆ ಹೋದಳು.

ಈ 'ಹೂಂ' ಹುಟ್ಟಿದ ಬಗೆ ಹೀಗೆ. ಅಕ್ಕ ಕೆಲಸಕ್ಕೆ ಸೇರಿದ್ದು ಟೈಪಿಸ್ಟಾಗಿ, ಚಪ್ಪಲಿ ಅಂಗಡಿಯ ಮಹಡಿಯ ಮೇಲಿದ್ದ ಒಂದು ಪುಟ್ಟ ಜಾಹೀರಾತು ಕಂಪನಿಗೆ. ಗಂಡಸರು ಬರೆಯುವುದು, ಇವಳು ಟೈಪು ಮಾಡುವುದು. ಇವಳೋ, ಟೈಪು ಮಾಡುತ್ತ ಮಾಡುತ್ತಲೇ ಅವರು ಬರೆದದ್ದರಲ್ಲಿ ಅರ್ಧ ಮಾತು ನುಂಗಿಬಿಡುತ್ತಿದ್ದಳು. ಒಂದು ದಿನ ಯಜಮಾನರು ರೇಗಿ, ಅಷ್ಟು ಗೊತ್ತಿದ್ದರೆ ನೀನೇ ಬರಿ ಅಂದರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ. ಇವಳು ಹಾಗೇ ಆಗಲಿ ಅಂದುಬಿಟ್ಟಳು. ಅವಳಿಗೆ ಸಿಕ್ಕ ಮೊದಲ ಸರಕು ಕೊಡೆ.

ಆ ಸಂಜೆ ಅಕ್ಕ ನಡುಮನೆಯಲ್ಲಿ ಕೂತು, ಜಡಿಮಳೆಗೂ ಜಗ್ಗದ ಬಾಳಿಕೆಯ ಭರವಸೆ ಎಂದೇನೋ ಉದ್ದಕ್ಕೆ ಓದಿದಳು. ಒಳಗೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತಿಕ್ಕುತ್ತಿದ್ದ ತಂಗಿ "ಏನಂದೆ?" ಅಂದಳು. ಅಕ್ಕ ಸಾಲನ್ನು ಮೊಟಕು ಮಾಡಿದಳು. ಮತ್ತೆ "ಏನಂದೆ?" ಕೊನೆಗೆ ಅಕ್ಕ ತಲೆ ಕೆಟ್ಟು, "ಮಳೆ ಬರ್ಲಿ ಬಿಡು!" ಎಂದು ಕಿರುಚಿದಳು. ತಂಗಿ "ಹೂಂ" ಅಂದಳು. ಮರುವಾರ ಬಸ್ಸುಗಳ ಬೆನ್ನ ಮೇಲೆಲ್ಲ ಅದೇ ಸಾಲು. ಕೊಡೆ ಇಲ್ಲದವರೂ ಅದನ್ನೇ ಹೇಳಿಕೊಂಡು ನೆನೆದರು.

ಆಮೇಲೆ ಅಕ್ಕ ಹಿಂದಿರುಗಿ ನೋಡಲಿಲ್ಲ. ನಡುವೆ ಮದುವೆಯೂ ಒಂದು ಆಯಿತು. ಗಂಡ ಒಳ್ಳೆಯವನೇ, ಆದರೆ ಹೆಂಡತಿಯ ಸಂಬಳ ತನ್ನದನ್ನು ದಾಟಿದ ವರ್ಷವೇ ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅಕ್ಕ ಅವನನ್ನು ಬಸ್ಸು ಹತ್ತಿಸಿ ಬಂದು ಹಲ್ಲುಪುಡಿಯ ಸಾಲು ಮುಗಿಸಿದಳು. ಗಂಡನನ್ನು ಕಳೆದುಕೊಂಡು ಮಗಳನ್ನು ಕಟ್ಟಿಕೊಂಡು ಕೊಡೆಯ ಸಾಲಿಗೂ ಮೊದಲೇ ಬಂದು ಜೊತೆಗಿದ್ದ ತಂಗಿಗೆ ನೆರಳಾದಳು, ಮೂಗಿಗೆ ಕವಡೆ ಕಟ್ಟಿಕೊಂಡು ದುಡಿದು ಆ ಮಗಳನ್ನು ಡಾಕ್ಟರು ಮಾಡಿದಳು. ಕಂಪನಿ ಗಾಜಿನ ಕಟ್ಟಡಕ್ಕೆ ಹೋಯಿತು, ಅಕ್ಕ ಅದರ ತುತ್ತತುದಿಗೆ ಹೋದಳು. ನಿವೃತ್ತಿಯ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು, ಸೋಮವಾರ ಎಂದಿನಂತೆ ಆಫೀಸಿಗೆ ಹಾಜರಾದಳು. ಬರಬೇಡಿ ಅನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಇಷ್ಟೆಲ್ಲದರಲ್ಲಿ ತನ್ನ ಪಾಲು ಎಂದು ತಂಗಿಗಿದ್ದದ್ದು ಆ 'ಹೂಂ' ಒಂದೇ. ಅದಕ್ಕೂ ಕುತ್ತು ಬಂದಿತ್ತು. ಒಮ್ಮೆ ಕೆಟ್ಟ ಜ್ವರ ಬಂದು ಹೋದಾಗ ಅವಳ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತೆಗೆದುಕೊಂಡೇ ಹೋಗಿತ್ತು. ಅವಳು ಬಾಯಿ ಬಿಡಲಿಲ್ಲ. ಅಕ್ಕ ಓದುತ್ತಿದ್ದಳು, 'ಕೇಳಿಸ್ತಾ?' ಅನ್ನುತ್ತಿದ್ದಳು, ಕೇಳಿಸದೆ ಇವಳು 'ಏನಂದೆ?' ಅನ್ನುತ್ತಿದ್ದಳು. ಅಕ್ಕ ಅದನ್ನು ತೀರ್ಪು ಎಂದುಕೊಂಡು ಕಾಗದ ಹರಿಯುತ್ತಿದ್ದಳು. ಜಗತ್ತಿನಲ್ಲಿ ಜಾಣಕಿವುಡರು ಬೇಕಾದಷ್ಟು ಜನ ಇದ್ದಾರೆ. ನಿಜವಾದ ಕಿವುಡಿಗೆ ಜಾಣತನದ ಹೆಸರು ಬಂದದ್ದು ಇವಳೊಬ್ಬಳದಕ್ಕೇ. ಎಷ್ಟು ಒಳ್ಳೆಯ ಸಾಲುಗಳು ನನ್ನ ಕಿವಿಯ ದೆಸೆಯಿಂದ ಕಸದಬುಟ್ಟಿಗೆ ಬಿದ್ದವೋ, ಅಕ್ಕನ ಕಿವಿಗೇ ಹೂವಿಟ್ಟೆನಲ್ಲ ಎಂಬ ಕೊರಗು ಇಷ್ಟು ವರ್ಷ ಅವಳನ್ನು ತಿಂದಿತ್ತು. ಈಗ ಅಕ್ಕನ ಕೊನೆಯ ಸಾಲಿಗೂ ಅದೇ ಕಿವಿ ಗತಿ.

ಹುಡುಗಿ ನಡುಮನೆಯಲ್ಲಿ ಗಂಟಲು ಸರಿಮಾಡಿಕೊಂಡು, ಜಾಹೀರಾತು ಲೋಕದ ಧ್ರುವತಾರೆ ಅಸ್ತಂಗತ ಎಂದು ಓದಿದಳು. ಒಲೆಯ ಮುಂದೆ ನಿಂತಿದ್ದ ತಂಗಿಗೆ ಒಂದು ಗುಂಯ್ ಸದ್ದು ಮಾತ್ರ ಮುಟ್ಟಿತು. "ಏನಂದೆ?" ಅಂದಳು. ಹುಡುಗಿ ಹೊಡೆದುಹಾಕಿ, ಪದಗಳನ್ನು ಪಳಗಿಸಿದ ತಾಯಿಗೆ ಪ್ರಣಾಮ ಎಂದಳು. ಮತ್ತೆ "ಏನಂದೆ?" ಇನ್ನೊಂದು ಬರೆದಳು, ಅದಕ್ಕೂ ಅದೇ ಗತಿ. ತಂಗಿ ಬಾಗಿಲಿನಿಂದ ಇಣುಕಿದಾಗ ಹುಡುಗಿಯ ಕಣ್ಣು ತುಂಬಿತ್ತು, ಕಾಗದದ ತುಂಬ ಗೀಟು. ಇನ್ನೊಬ್ಬಳನ್ನು ಅಳಿಸಿ ಉಳಿಸಿಕೊಳ್ಳುವ ಮರ್ಯಾದೆ ಎಂಥದು ಎಂದು ತಂಗಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೈ ಒರೆಸಿಕೊಂಡು ಹೊರಗೆ ಬಂದಳು.

"ನಿನ್ನ ಸಾಲಿನ ತಪ್ಪಲ್ಲ ಮಗು. ನಂಗೆ ಕಿವಿ ಕೇಳಿಸಲ್ಲ. ತುಂಬ ವರ್ಷದಿಂದ."

ಬಣ್ಣದಪ್ಪ ಎದ್ದು ಬಂದು ಅವಳ ಬಲಗಡೆಗೆ ನಿಂತ. "ಗೊತ್ತು ಚಿಕ್ಕಕ್ಕ. ಅಕ್ಕಾವ್ರಿಗೂ ಗೊತ್ತಿತ್ತು."

ತಂಗಿಗೆ ಆ ಬಲಗಡೆ ತಟ್ಟನೆ ಅರ್ಥವಾಯಿತು. ರಸ್ತೆಯಲ್ಲಿ ಅಕ್ಕ ಯಾವಾಗಲೂ ನಡೆದದ್ದು ಇವಳ ಬಲಕ್ಕೆ, ಊಟಕ್ಕೆ ಕೂತದ್ದು ಬಲಕ್ಕೆ, ಕೊನೆಯ ದಿನಗಳಲ್ಲಿ ತನ್ನ ಆಸ್ಪತ್ರೆಯ ಮಂಚವನ್ನೂ ತಿರುಗಿಸಿ ಹಾಕಿಸಿದ್ದಳು. ಅಕ್ಕನದು ಮೊದಲಿಂದ ಯಜಮಾನಿಕೆ ಎಂದು ಇವಳು ಗೊಣಗಿದ್ದಳು.

"ಮತ್ತೆ ನನಗ್ಯಾಕೆ ಓದ್ತಿದ್ಲು?"

"ನಾನೂ ಕೇಳಿದ್ದೆ. 'ಕೊಳ್ಳೋರು ಯಾರಯ್ಯ ನಮಗೆ ಕಿವಿ ಕೊಟ್ಟು ಕೂತಿರ್ತಾರೆ? ನಲ್ಲಿ ಬಿಟ್ಟಿರ್ತಾರೆ, ಮಗು ಅಳ್ತಿರುತ್ತೆ. ನನ್ನ ತಂಗಿಗೆ ಮುಟ್ಟಿದ್ರೆ ಊರಿಗೇ ಮುಟ್ಟಿದ ಹಾಗೆ' ಅಂದ್ರು. ನಿಮಗೆ ಮಾತ್ರ ಹೇಳಕೂಡದು ಅಂತಿದ್ರು. ಹೇಳಿದ್ರೆ ಪಕ್ಕದಲ್ಲಿ ಬಂದು ಕೂರ್ತೀರಂತೆ, ಎಲ್ಲ ಕೇಳಿಸಿ ಕೆಲಸ ಕೆಡುತ್ತಂತೆ."

ತಂಗಿ ನಗಲು ಹೋದಳು, ಅಳು ಬಂತು. ಒಲೆಯ ಮೇಲೆ ನೀರು ಕುದಿದು ಬತ್ತಿತು, ಯಾರಿಗೂ ಚಹಾ ಸಿಗಲಿಲ್ಲ. ಹೊರಡುವಾಗ ಹುಡುಗಿ ಅವಳ ಬಲಗಿವಿಗೆ ಬಾಗಿ, ಓದಿ ಮುಗಿಸಿದ ಮೇಲೆ ಅಕ್ಕಾವ್ರು ಏನು ಅನ್ನುತ್ತಿದ್ದರು ಎಂದು ಕೇಳಿದಳು. ತಂಗಿ ಹೇಳಿದಳು.

ಭಾನುವಾರದ ಪತ್ರಿಕೆ ಬಂತು. ಅರ್ಧ ಪುಟದ ತುಂಬ ಬರೀ ಬಿಳಿ. ನಡುವೆ ಕನ್ನಡಕವನ್ನು ತಲೆಗೇರಿಸಿಕೊಂಡ ಅಕ್ಕ, ಕೆಳಗೆ ಒಂದೇ ಮಾತು: ಕೇಳಿಸ್ತಾ?

ತಂಗಿ ಪತ್ರಿಕೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಬಿಟ್ಟಿದ್ದ ನಲ್ಲಿ ನಿಲ್ಲಿಸಿದಳು. ನಡುಮನೆಯ ಖಾಲಿ ಕುರ್ಚಿಯ ಕಡೆ ಮುಖ ಮಾಡಿ "ಹೂಂ" ಅಂದಳು. ಅಲ್ಲಿಯವರೆಗೆ ಮುಟ್ಟಬೇಕಲ್ಲ, ಗಟ್ಟಿಯಾಗಿಯೇ ಅಂದಳು.