ಎಡಗಡೆಯ ಬಾಗಿಲು

ಟಿಂಕರಿಂಗ್ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕಾರಿನ ಎಡಗಡೆಯ ಬಾಗಿಲಿನ ಮೇಲೆ ಅಂಗೈ ಆಡಿಸುತ್ತಿದ್ದ. ಮುಂದಿನ ಚಕ್ರದ ಹತ್ತಿರ ಶುರುವಾದ ಕೈ ತಗ್ಗಿನೊಳಕ್ಕೆ ಇಳಿದು, ಹತ್ತಿ, ಬಾಗಿಲಿನ ಕೊನೆಯ ಅಂಚಿನಲ್ಲಿ ನಿಂತಿತು. ಮತ್ತೆ ಅದೇ ದಾರಿಯಲ್ಲಿ ವಾಪಸು ಬಂದಿತು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮಗಳು ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಏಳನೇ ತರಗತಿಯ ಲೆಕ್ಕದ ಪೇಪರುಗಳನ್ನು ತಿದ್ದುತ್ತಿದ್ದಳು. ಅರ್ಧ ದಿನ ರಜೆ ಹಾಕಿ ಬಂದವಳು ಆ ಅರ್ಧ ದಿನವನ್ನೂ ಪೋಲು ಮಾಡುವವಳಲ್ಲ.

ನಲವತ್ತು ವರ್ಷ ತಗಡು ಬಡಿದು ಮೇಸ್ತ್ರಿಯ ಕಿವಿ ಮಂದವಾಗಿತ್ತು. ಹಾಗಾಗಿ ಅವನು ಗುಟ್ಟು ಹೇಳಿದರೂ ಮೂರು ಅಂಗಡಿ ಆಚೆಗೆ ಕೇಳುತ್ತಿತ್ತು.

"ನಿಂತ ಗಾಡಿಗೆ ಬಿದ್ದ ಏಟಲ್ಲ ಯಜಮಾನ್ರೇ ಇದು," ಎಂದ. "ನಿಂತಿದ್ರೆ ಒಂದೇ ಕಡೆ ಗುಂಡಿ ಬೀಳತ್ತೆ. ಇಲ್ನೋಡಿ, ಮುಂದಿನಿಂದ ಹಿಂದಕ್ಕೆ ಕೆರಕೊಂಡು ಹೋಗಿದೆ. ನಿಮ್ಮ ಗಾಡಿ ಮುಂದಕ್ಕೆ ಹೋಗ್ತಾ ಇತ್ತು."

"ನಾನು ನಿಂತೇ ಇದ್ದೆ," ಎಂದರು ಅಪ್ಪ.

ಅವರ ಮೇಲೆ ಯಾರೂ ತಪ್ಪು ಹೊರಿಸಿರಲಿಲ್ಲ. ಮೇಸ್ತ್ರಿ ತಗಡಿನ ಬಗ್ಗೆ ಮಾತಾಡಿದ್ದ, ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯನ ಗುಣ. ಮಗಳ ಕೆಂಪು ಪೆನ್ನು ನಿಂತಿತು.

ಹತ್ತು ದಿನದ ಹಿಂದೆ ಅಪ್ಪ ಮನೆಗೆ ಬಂದು ಹೇಳಿದ್ದು ಬೇರೆಯೇ ಕಥೆ. ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದೆ, ಒಳಗಿನಿಂದ ಬ್ರೆಡ್ಡಿನ ವ್ಯಾನು ಬಂದು ಗುದ್ದಿತು ಎಂದಿದ್ದರು. ಮಗಳು ವ್ಯಾನಿನವನಿಗೆ ಫೋನು ಮಾಡಿ, ಕಣ್ಣು ಎಲ್ಲಿಟ್ಟುಕೊಂಡು ಓಡಿಸುತ್ತೀಯ ಎಂದು ಚೆನ್ನಾಗಿ ಉಗಿದಿದ್ದಳು. ಪಾಪದವನು, ತಪ್ಪಾಯಿತು ಅಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಗಳ ನಡುವೆ ಒಂದು ಕರಾರು ಇತ್ತು: ಎಪ್ಪತ್ತೊಂದು ವಯಸ್ಸು, ಒಂದೇ ಒಂದು ಸಲ ನಿಮ್ಮ ಕೈಯಿಂದ ತಪ್ಪಾದರೂ ಕೀ ನನ್ನ ಕೈಗೆ.

"ಈ ಹೊರಗಿನ ಹಿಡಿಕೆ ಮಾತ್ರ ಹಳೇ ಕಾಯಿಲೆ," ಎಂದು ಮೇಸ್ತ್ರಿ ಹಿಡಿಕೆಯನ್ನು ಅಲ್ಲಾಡಿಸಿ ತೋರಿಸಿದ. "ಒಳಗೆ ಕಡ್ಡಿ ಕಳಚಿದೆ. ಎಷ್ಟು ದಿನ ಆಯ್ತು?"

"ಹನ್ನೊಂದು ವರ್ಷ."

"ಹೆಂಗಿದ್ರೂ ಬಿಚ್ತೀನಿ, ಅದನ್ನೂ ಸರಿ ಮಾಡ್ಬಿಡ್ತೀನಿ."

"ಬೇಡ ಮೇಸ್ತ್ರಿ. ಅದು ಹಾಗೇ ಇರಲಿ."

ಮೇಸ್ತ್ರಿ ಅವರ ಮುಖ ನೋಡಿದ. ಅಪ್ಪ ಕೆಲಸ ಗೊತ್ತಿಲ್ಲದವರೇನಲ್ಲ. ಮೂವತ್ತಾರು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಊರಿನ ಅರ್ಧ ಕಟ್ಟಡಗಳ ಲಿಫ್ಟಿನ ಬಾಗಿಲುಗಳು ಅವರ ಮಾತು ಕೇಳುತ್ತಿದ್ದವು, ಸ್ವಂತ ಕಾರಿನದು ಮಾತ್ರ ಕೇಳುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಅಮ್ಮ ನಗುತ್ತಿದ್ದಳು. ಅವಳು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದಳು. ದಿನಾ ನಾಲ್ಕು ಗಂಟೆಗೆ ಹಿಂದಿನ ಗೇಟಿಗೆ ಬಂದು ನಿಲ್ಲುವಳು. ಅಪ್ಪ ಕಾರು ನಿಲ್ಲಿಸಿ, ಎಡಕ್ಕೆ ಪೂರ್ತಿ ಬಗ್ಗಿ, ಒಳಗಿನಿಂದ ಬಾಗಿಲು ತೆರೆಯುವರು. ನಾಳೆ ಸರಿ ಮಾಡುತ್ತೇನೆ ಎನ್ನುವರು. ಆ ನಾಳೆ ಬರುವ ಮೊದಲೇ ಅವಳು ಹೋಗಿಬಿಟ್ಟಳು. ಹೋಗಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು.

ಮೇಸ್ತ್ರಿ ಒಳಗಿನ ಹಲಗೆ ಬಿಚ್ಚಿ, ತಗಡಿನ ಹಿಂದಿನಿಂದ ಬಡಿಯತೊಡಗಿದ. ಬಾಗಿಲು ತೆರೆದು ಮುಚ್ಚುವಂತೆ ಇವತ್ತೇ ಮಾಡಿಕೊಡುವುದು, ಬಣ್ಣ ಸೋಮವಾರ ಎಂದು ಮಾತಾಯಿತು. ಮಗಳು ಪೇಪರಿನ ಕಟ್ಟು ಮಡಿಲಲ್ಲಿಟ್ಟುಕೊಂಡು, ಪಕ್ಕದ ಟೈರಿನ ಮೇಲೆ ಬಂದು ಕೂತ ಅಪ್ಪನನ್ನೇ ನೋಡಿದಳು.

"ಅಪ್ಪ. ಕಾರು ಹೋಗ್ತಾ ಇತ್ತಾ?"

"ನಿಲ್ಲಿಸಿದ್ದೆ. ಪೂರ್ತಿ ನಿಂತಿರಲಿಲ್ಲ. ಬ್ರೇಕಿನಿಂದ ಕಾಲು ತೆಗೆದುಬಿಟ್ಟೆ, ಗೇಟಿಗೆ ಅಡ್ಡ ಉರುಳ್ತು."

"ಯಾಕೆ ತೆಗೆದ್ರಿ?"

"ಬಾಗಿಲು ತೆಗೆಯೋಕೆ ಬಗ್ಗಿದೆ."

"ಯಾರಿಗೆ?"

ಸುತ್ತಿಗೆ ನಿಂತಿತ್ತು. ಅಪ್ಪ ಅದು ಮತ್ತೆ ಶುರುವಾಗುವವರೆಗೆ ಕಾದರು. ಆಮೇಲೆ ಆ ಸದ್ದಿನೊಳಗೆ ಹೇಳಿದರು. ಮಗಳಿಗೆ ಕೇಳಿಸಲಿಲ್ಲ, ಆದರೆ ತುಟಿ ನೋಡಿಯೇ ತಿಳಿಯಿತು. ನಿಮ್ಮಮ್ಮನಿಗೆ.

ಹೇಳಿದ ಮೇಲೆ ಅವರಿಗೆ ತಡೆಯುವುದಕ್ಕಾಗಲಿಲ್ಲ. "ಅಲ್ಲೇ ನಿಂತಿದ್ಲು, ಅವಳು ನಿಲ್ತಿದ್ದ ಕಂಬದ ಹತ್ರ. ಬಾಗಿಲು ಪೂರ್ತಿ ಮುಚ್ಚೋವರೆಗೂ ಲಿಫ್ಟ್ ಹೊರಡಬಾರದು, ಲಿಫ್ಟ್ ಪೂರ್ತಿ ನಿಲ್ಲೋವರೆಗೂ ಬಾಗಿಲು ತೆಗೀಬಾರದು ಅಂತ ಎಷ್ಟು ಜನಕ್ಕೆ ಪಾಠ ಹೇಳಿದೀನಿ ನಾನು. ವ್ಯಾನು ಗುದ್ದಿದ ಮೇಲೆ ತಲೆ ಎತ್ತಿ ನೋಡಿದ್ರೆ ಯಾರೂ ಇಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಸತ್ತವರ ಹೆಸರು ಹಿಡಿದು ಕರೀತಿದ್ರು. ಕೀ ತಗೋ ಮರಿ, ಕೀ ಹೋದ್ರೆ ಹೋಗಲಿ. ನನಗೆ ತಲೆ ಕೆಡ್ತಾ ಇದೆಯೇನೋ ಅಂತ ಭಯ."

ಜೇಬಿನಿಂದ ಕೀ ತೆಗೆದು ಅವಳ ಮಡಿಲಿನ ಪೇಪರಿನ ಕಟ್ಟಿನ ಮೇಲಿಟ್ಟರು. ಮಗಳು ಬೈಯಲಿಲ್ಲ. "ಏನು ಹಾಕ್ಕೊಂಡಿದ್ಲು?" ಎಂದು ಕೇಳಿದಳು.

"ಬೂದು ಸ್ವೆಟರು. ಮೊಣಕೈ ಹತ್ರ ಕಪ್ಪು ನೂಲಲ್ಲಿ ಹೊಲ್ಕೊಂಡಿದ್ಲಲ್ಲ, ಅದೇ."

ಆ ಸ್ವೆಟರನ್ನು ಹೋದ ತಿಂಗಳು ಮಗಳೇ ಮಡಚಿ, ಚೀಲಕ್ಕೆ ಹಾಕಿ, ಔಷಧಿ ಕೌಂಟರು ಗುಡಿಸುವ ಹೆಂಗಸಿಗೆ ಕೊಟ್ಟು ಬಂದಿದ್ದಳು. ಅಮ್ಮನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತಿದ್ದವಳು ಆಕೆ. ಕೇಳಿದರೆ ಅಪ್ಪ ಬಿಡುವುದಿಲ್ಲ ಎಂದು ಕೇಳಿರಲಿಲ್ಲ. ಹೇಳಿದರೆ ಈಗ ಅಪ್ಪನಿಗೆ ಅವರ ತಲೆ ವಾಪಸು ಸಿಗುತ್ತದೆ. ಆದರೆ ಒಂದು ಗಳಿಗೆ ಗೇಟಿನಲ್ಲಿ ಸಿಕ್ಕಿದ್ದ ಅಮ್ಮ ಹೋಗುತ್ತಾಳೆ, ಎರಡನೇ ಸಲ, ಅದೂ ಇವಳ ಕೈಯಿಂದ. ಹೇಳದೆ ಇರುವುದು ಸುಲಭವಿತ್ತು. ಆದರೆ ಮಡಿಲಲ್ಲಿದ್ದ ಆ ಕೀಯನ್ನು ನೋಡುತ್ತಾ ಸುಮ್ಮನಿರುವುದು ಆಗಲಿಲ್ಲ.

"ಅಪ್ಪ, ಅದನ್ನ ನಾನೇ ಕೊಟ್ಟೆ," ಎಂದಳು. ಯಾರಿಗೆ, ಯಾವಾಗ, ಎಲ್ಲ ಹೇಳಿದಳು. "ನೀವು ನೋಡಿದ್ದು ಅವರನ್ನ. ವ್ಯಾನಿನ ಗಲಾಟೆಗೆ ಹೆದರಿ ಒಳಗೆ ಹೋಗಿರಬೇಕು."

ಅಪ್ಪ ಅಂಗೈಯಿಂದ ಹಣೆ ಒರೆಸಿಕೊಂಡರು.

"ಹಾಗಾದ್ರೆ ತಲೆ ಸರಿ ಇದೆ."

"ಸರಿ ಇದೆ."

ಎದ್ದು ಹೋಗಿ ಮೂಲೆಯ ನಲ್ಲಿಯಲ್ಲಿ ಮುಖ ತೊಳೆದರು. ತೊಳೆದೇ ತೊಳೆದರು. ಕರವಸ್ತ್ರ ಹುಡುಕುತ್ತಾ ವಾಪಸು ಬಂದವರು ಅವಳ ಕಡೆ ನೋಡದೆ, "ಅವಳಲ್ಲ ಹಾಗಾದ್ರೆ," ಎಂದರು. ಕೇಳದೆ ಕೊಟ್ಟದ್ದಕ್ಕೆ ಬೈದಿದ್ದರೆ ಮಗಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರೂವರೆ ಹೊತ್ತಿಗೆ ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಬಣ್ಣ ಹೋದ ಕಡೆ ತಗಡು ಬರಿದಾಗಿ ಹೊಳೆಯುತ್ತಿತ್ತು. ಮಗಳು ಕೀಯನ್ನು ಅಪ್ಪನ ಕೈಗೇ ಕೊಟ್ಟಳು.

"ನೀವೇ ಓಡಿಸಿ. ಹ್ಯಾಂಡ್‌ಬ್ರೇಕ್ ಹಾಕದೆ ಕಾಲು ತೆಗೆದ್ರೆ ಮಾತ್ರ ನೋಡಿ."

"ಲೆಕ್ಕದ ಟೀಚರು ಹೇಳಿದ ಮೇಲೆ ಮುಗೀತು," ಎಂದರು ಅಪ್ಪ. ದೊಡ್ಡ ರಸ್ತೆಗೆ ಬಂದ ಮೇಲೆ, "ಆ ದಾರೀಲೇ ಹೋಗೋಣ. ಒಂದ್ಸಲ ಕಣ್ಣಾರೆ ನೋಡಿಬಿಟ್ರೆ ಆಯ್ತು, ಆಮೇಲೆ ನಿದ್ದೆ ಬರತ್ತೆ," ಎಂದರು.

ಆಸ್ಪತ್ರೆಯ ಹಿಂದಿನ ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ ಅಪ್ಪ ಕಾರನ್ನು ಎಡಕ್ಕೆ ತಂದು ನಿಲ್ಲಿಸಿದರು. ಹ್ಯಾಂಡ್‌ಬ್ರೇಕನ್ನು ಕೊನೆಯವರೆಗೂ ಎಳೆದರು. ಗಂಟೆ ನಾಲ್ಕಾಗಿತ್ತು. ಪಾಳಿ ಮುಗಿಸಿದವರು ಒಬ್ಬೊಬ್ಬರೇ ಹೊರಗೆ ಬರುತ್ತಿದ್ದರು. ಅವರ ಹಿಂದೆ ಬೂದು ಸ್ವೆಟರು ಬಂದು, ಕಂಬದ ಪಕ್ಕ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ರಸ್ತೆಯ ಕಡೆ ಕತ್ತು ಚಾಚಿ ನೋಡಿತು.

ಅಪ್ಪ ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು, ಕೆಟ್ಟ ಲಿಫ್ಟನ್ನು ನೋಡುತ್ತಿದ್ದ ಗಮನದಲ್ಲೇ ನೋಡಿದರು.

"ಎತ್ತರ ಜಾಸ್ತಿ ಇದಾರೆ," ಎಂದರು. "ನಿಮ್ಮಮ್ಮ ನನ್ನ ಭುಜಕ್ಕೆ ಬರ್ತಿದ್ಲು. ನಿಲ್ಲೋ ರೀತಿನೂ ಬೇರೆ. ನಾನು ಹೇಗೆ ಮೋಸ ಹೋದೆ." ಆಮೇಲೆ ಹಗುರವಾದ ದನಿಯಲ್ಲಿ, "ಸರಿ, ನೋಡಿದ್ದಾಯ್ತು. ಹೋಗೋಣ್ವಾ ಮರಿ?" ಎಂದರು.

ಅಪ್ಪ ಪಕ್ಕಕ್ಕೆ ತಿರುಗಿದರು.

ಅವಳು ಓದುತ್ತಿದ್ದ ಕಾಲದಲ್ಲಿ, ಶಾಲೆಯಿಂದ ಬರುವಾಗ ಮುಂದಿನ ಸೀಟು ಈ ಗೇಟಿನವರೆಗೆ ಮಾತ್ರ ಅವಳದಾಗಿತ್ತು. ಅಮ್ಮ ಕಂಡ ಕೂಡಲೇ ಅವಳು ಇಳಿದು ಹಿಂದಿನ ಸೀಟಿಗೆ ಹೋಗಬೇಕಿತ್ತು. ಮಗಳು ಪೇಪರಿನ ಕಟ್ಟನ್ನು ಎದೆಗವಚಿಕೊಂಡಿದ್ದಳು. ಕಣ್ಣು ಕಂಬದ ಮೇಲೇ ಇತ್ತು. ಬೆಲ್ಟು ಬಿಚ್ಚಿತ್ತು, ಎಡಗಡೆಯ ಬಾಗಿಲು ತೆರೆದಿತ್ತು, ಅವಳ ಒಂದು ಕಾಲು ಆಗಲೇ ರಸ್ತೆಯ ಮೇಲಿತ್ತು.