ಐದು ಕಿಲೋದ ಕೈಚೀಲ

ಅಳಿಯ ಅಂದಪ್ಪನ ಪತ್ರ ಹುನಗುಂದಕ್ಕೆ ಬಂದದ್ದು ೧೯೮೨ರ ಫೆಬ್ರುವರಿಯಲ್ಲಿ. ಗುರುಲಿಂಗವ್ವನಿಗೆ ಓದು ಬರುತ್ತಿರಲಿಲ್ಲ. ಮಗ ಅಮಾತೆಪ್ಪ ಶಾಲೆಯಲ್ಲಿ ಮಾಸ್ತರ. ಅವನು ಪಡಸಾಲೆಯಲ್ಲಿ ನಿಂತುಕೊಂಡೇ ಓದಿದ.

"ಅತ್ತಿ, ಶಿವಬಸವ್ವಗ ಭಾಳ ಆಗೇತಿ. ರಕ್ತದ ಕ್ಯಾನ್ಸರ್ ಅಂತ ಹೇಳ್ಯಾರ. ಯಾವಾಗಲೂ ಚಳಿ ಚಳಿ ಅಂತಾಳ. ವಿಮಾನದ ಟಿಕೀಟ ಇದರಾಗ ಇಟ್ಟೇನಿ. ದೊಡ್ಡ ಲಗೇಜ ತರಬ್ಯಾಡ್ರಿ, ಅದಕ್ಕ ಇಲ್ಲಿ ತಾಸಗಟ್ಟಲೆ ಕಾಯಬೇಕಾಗತೈತಿ. ಕೈಚೀಲ ಒಂದ ಸಾಕು. ಐದು ಕಿಲೋ ಮೀರಬಾರದು. ಹೊರಗ ಬಂದ ಕೂಡಲೆ ಸೀದಾ ದವಾಖಾನಿಗೆ ಹೋಗೂಣು."

ಮಗಳು ಶಿವಬಸವ್ವ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ನರ್ಸ್ ಆಗಿ ಎಂಟು ವರ್ಷವಾಗಿತ್ತು. ತಾಯಿಯ ಪಾಸ್‌ಪೋರ್ಟನ್ನು ಅವಳು ಎರಡು ವರ್ಷದ ಹಿಂದೆಯೇ ಮಾಡಿಸಿದ್ದಳು, ಬಾಣಂತನಕ್ಕೆ ಕರೆಸಿಕೊಳ್ಳಲು. ಆ ಬಸಿರು ನಿಲ್ಲಲಿಲ್ಲ. ಪಾಸ್‌ಪೋರ್ಟು ಟ್ರಂಕಿನ ತಳದಲ್ಲೇ ಉಳಿದಿತ್ತು.

ಮರುದಿನ ತಾಯಿ ಮಗ ಬಸ್ಸು ಹತ್ತಿ ಬಾಗಲಕೋಟೆಗೆ ಹೋದರು. ಅಂಗಡಿಯವನು ವಿಮಾನದ ಚಿತ್ರವಿದ್ದ ನೀಲಿ ರೆಕ್ಸಿನ್ ಚೀಲವೊಂದನ್ನು ಮುಂದಿಟ್ಟ. ಗಟ್ಟಿ ತಳ, ಹಿತ್ತಾಳೆಯ ಕೊಂಡಿ, ಒಳಗೆ ನಾಲ್ಕು ಖಾನೆ.

"ಪರದೇಶಕ್ಕ ಹೋಗೋರು ಇದನ್ನ ಒಯ್ತಾರ್ರಿ" ಎಂದ.

ಗುರುಲಿಂಗವ್ವ ಅದನ್ನು ಎತ್ತಿ ನೋಡಿ ಕೆಳಗಿಟ್ಟಳು. "ಖಾಲಿದ್ದಾಗನ ಇಷ್ಟು ಭಾರ ಐತಿ. ನಾ ಏನ ತುಂಬಲಿ?"

ಕಡೆಗೆ ಮೂಲೆಯಲ್ಲಿ ನೇತುಬಿಟ್ಟಿದ್ದ ಕ್ಯಾನ್ವಾಸ್ ಚೀಲವನ್ನು ತೆಗೆಸಿದಳು. ಮಣ್ಣಿನ ಬಣ್ಣ, ಬಾಯಿ ಅಗಲ. ಜಿಪ್ಪು ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು. ಅಂಗಡಿಯವನು ಅದಕ್ಕೆ ಮೇಣ ತಿಕ್ಕಿ ಕೊಟ್ಟ.

ಮನೆಗೆ ಬಂದು ಮೊದಲು ಕೌದಿ ಇಟ್ಟಳು. ತನ್ನ ಹಳೆಯ ಇಲಕಲ್ಲ ಸೀರೆಗಳನ್ನು ಪದರ ಪದರ ಸೇರಿಸಿ ಒಂದು ಮಳೆಗಾಲವಿಡೀ ಹೊಲಿದ ಕೌದಿ ಅದು. ಅದೊಂದಕ್ಕೇ ಚೀಲದ ಮುಕ್ಕಾಲು ತುಂಬಿತು.

"ಅಲ್ಲಿ ಹೊಚ್ಚಾಕ ಇರಂಗಿಲ್ಲೇನಬೇ?" ಎಂದ ಅಮಾತೆಪ್ಪ.

"ಇರತಾವ. ಅವನ್ನ ಹೊಚ್ಚಿದ್ರೂ ಚಳಿ ಹೋಗವಲ್ದು ಅಂತಾಳಲ್ಲ."

ಉಳಿದ ಜಾಗದಲ್ಲಿ ತನ್ನದೊಂದು ಸೀರೆ, ರೊಟ್ಟಿಗೆ ಹಚ್ಚಿಕೊಳ್ಳಲು ಸೊಸೆ ಸಾವಿತ್ರೆವ್ವ ಕುಟ್ಟಿಕೊಟ್ಟ ಶೇಂಗಾ ಹಿಂಡಿ, ನಾಲ್ಕು ಖಡಕ್ ಸಜ್ಜಿ ರೊಟ್ಟಿ. ಮುತ್ತಪ್ಪನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ಸರಿಯಾಗಿ ಐದು ಕಿಲೋ.

ಸಂಜೆ ಮಠದ ಸಂಗಯ್ಯ ಬಂದ. ಮನೆತನದ ಹುಟ್ಟು ಸಾವು ಎರಡಕ್ಕೂ ಬರುವ ಅಯ್ಯ. ಬಟ್ಟೆಯಲ್ಲಿ ಸುತ್ತಿದ ವಿಭೂತಿ ಗಟ್ಟಿಗಳನ್ನು ಹೊಸ್ತಿಲ ಒಳಗೆ ಇಟ್ಟ. ನಾಲ್ಕೈದಲ್ಲ, ಇಪ್ಪತ್ತರ ಮೇಲಿದ್ದವು.

"ಇದನ್ನ ಇಟ್ಕೋ ಗುರುಲಿಂಗವ್ವ. ಆ ದೇಶದಾಗ ಸಿಗಾಂಗಿಲ್ಲ."

ಇಷ್ಟು ವಿಭೂತಿ ಯಾವಾಗ ಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗಂಡನನ್ನು ಮಣ್ಣು ಮಾಡುವಾಗ ತಾನೇ ಎಣಿಸಿ ಕೊಟ್ಟಿದ್ದಳು.

"ನಾ ಮಗಳನ್ನ ನೋಡಾಕ ಹೊಂಟೇನ್ರಿ ಅಯ್ಯಾರ" ಎಂದಳು. ದನಿ ಏರಿತ್ತು. "ಇದನ್ನ ತಗೊಂಡ ಹೋಗ್ರಿ."

ಸಂಗಯ್ಯ ಎದ್ದು ಹೊರಗೆ ನಡೆದ. ಗಂಟನ್ನು ಎತ್ತಿಕೊಳ್ಳಲಿಲ್ಲ. ಅವನು ಹೋದ ಮೇಲೆ ಅದು ಅಲ್ಲೇ ಇತ್ತು. ಸಾವಿತ್ರೆವ್ವ ಕಸ ಹೊಡೆಯುವಾಗ ಅದನ್ನು ಮುಟ್ಟದೆ ಸುತ್ತಲೂ ಹೊಡೆದಳು.

ಬೆಳಿಗ್ಗೆ ಸೊಲ್ಲಾಪುರದ ಬಸ್ಸಿಗೆ ಹೊರಡುವ ಮುಂಚೆ ಗುರುಲಿಂಗವ್ವ ಚೀಲದ ಜಿಪ್ಪು ತೆಗೆದಳು. ಹಿಂಡಿಯ ಡಬ್ಬಿ ತೆಗೆದು ನೆಲದ ಮೇಲಿಟ್ಟಳು, ರೊಟ್ಟಿಯನ್ನೂ ತೆಗೆದಳು. ವಿಭೂತಿಯ ಗಂಟನ್ನು ಕೌದಿಯ ಮಡಿಕೆಯೊಳಗೆ ತುರುಕಿ ಜಿಪ್ಪು ಎಳೆದಳು. ಅಮಾತೆಪ್ಪ ಬಾಗಿಲಲ್ಲಿ ನಿಂತು ನೋಡಿದ. ಮತ್ತೆ ತೂಕ ಮಾಡಿಸೋಣವೇ ಎಂದು ಅವನೂ ಕೇಳಲಿಲ್ಲ.

ಸೊಲ್ಲಾಪುರದಿಂದ ರೈಲಿನಲ್ಲಿ ಕರೆದೊಯ್ದು ಅವನೇ ಮುಂಬಯಿಯಲ್ಲಿ ವಿಮಾನಕ್ಕೆ ಬಿಟ್ಟ. ವಿಮಾನದಲ್ಲಿ ಚೀಲವನ್ನು ತೊಡೆಯಿಂದ ಕೆಳಗಿಡಲು ಅವಳು ಒಪ್ಪಲಿಲ್ಲ. ಗಗನಸಖಿ ಎರಡು ಸಲ ಕೈಸನ್ನೆ ಮಾಡಿ, ಕಡೆಗೆ ತಾನೇ ಎತ್ತಿ ಕಾಲಬುಡಕ್ಕೆ ಸರಿಸಿದಳು.

ಲಂಡನ್ನಿನಲ್ಲಿ ಅಂದಪ್ಪ ಕಾಯುತ್ತಿದ್ದ. ಮೈ ಇಳಿದುಹೋಗಿತ್ತು.

"ಅದಾಳಿಲ್ಲ?" ಎಂದು ಕೇಳಿದಳು.

"ಅದಾಳ್ರಿ. ನಡೀರಿ."

ದವಾಖಾನೆಯಲ್ಲಿ ಶಿವಬಸವ್ವ ಹಾಸಿಗೆಯೊಳಗೆ ಇಷ್ಟೇ ಇಷ್ಟು ಕಂಡಳು. ತಲೆಯಲ್ಲಿ ಕೂದಲಿರಲಿಲ್ಲ. ಗುರುಲಿಂಗವ್ವ ಕೌದಿ ಬಿಚ್ಚಿ ಹೊದಿಸಲು ಹೋದಾಗ ನರ್ಸ್ ಮೆಲ್ಲಗೆ ಅವಳ ಕೈ ಹಿಡಿದಳು. ಹೊರಗಿನ ಬಟ್ಟೆ ರೋಗಿಗೆ ಸೋಕಬಾರದೆಂದು ಅಂದಪ್ಪ ತಿಳಿಸಿಹೇಳಿದ. ಕೌದಿ ಕುರ್ಚಿಯ ಮೇಲೆ ಉಳಿಯಿತು. ಗುರುಲಿಂಗವ್ವ ಅಳುತ್ತಲೇ ಮಗಳ ಮೇಲೆ ಬಾಗಿದಳು.

"ಶಿವೂ, ನಾನವ್ವಾ. ಅವ್ವ ಬಂದೇನಿ."

ಶಿವಬಸವ್ವ ಕಣ್ಣು ತೆರೆದಳು. ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, ಗುರುತಿಲ್ಲದ ಯಾರೊಂದಿಗೋ ಮಾತಾಡುವ ಹಾಗೆ, ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಏನಂತಾಳೋ?"

ಅಂದಪ್ಪ ಮುಖ ತಿರುಗಿಸಿದ್ದ. "ಕಿಟಕಿ ಮುಚ್ಚರಿ ಅಂತಾಳ."

ಗುರುಲಿಂಗವ್ವ ಎದ್ದು ಕಿಟಕಿಯ ಹತ್ತಿರ ಹೋದಳು. ಅದು ಮುಚ್ಚಿಯೇ ಇತ್ತು. ಆದರೂ ಚಿಲಕವನ್ನು ಒತ್ತಿ ಸದ್ದು ಮಾಡಿದಳು. ಮಗಳು ಕಣ್ಣು ಮುಚ್ಚಿದಳು.

ಅವಳಿಂದ ಮತ್ತೆ ಮಾತು ಬರಲಿಲ್ಲ. ಗುರುವಾರ ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಕೂಡ್ರಿಸಿ ಮಣ್ಣು ಮಾಡಬೇಕೆಂದು ಗುರುಲಿಂಗವ್ವ ಎಷ್ಟು ಹೇಳಿದರೂ ಆ ಊರಲ್ಲಿ ಅದು ನಡೆಯಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಳಿಸಿದರು. ವಿಭೂತಿಯನ್ನು ಅವಳು ಮುಚ್ಚಳ ಹಾಕುವ ಮೊದಲು ಮಗಳ ಎರಡೂ ಮಗ್ಗುಲಿಗೆ ಇಟ್ಟಳು.

ವಾಪಸು ಟಿಕೀಟು ಮೂರು ತಿಂಗಳ ನಂತರದ ತಾರೀಖಿನದಾಗಿತ್ತು, ಬದಲಿಸಲು ಆಗುವುದಿಲ್ಲವೆಂದರು. ಅಂದಪ್ಪ ನಸುಕಿನಲ್ಲೇ ಕಾರ್ಖಾನೆಗೆ ಹೋಗಿ ಸಂಜೆ ಬರುತ್ತಿದ್ದ. ಅವಳು ಅವನಿಗೆ ಅನ್ನ ಸಾರು ಮಾಡಿಡುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಒಂದು ದಿನ ಅವಳು ತಡೆಯಲಾರದೆ ಕೇಳಿದಳು.

"ಖರೆ ಹೇಳು ಅಂದಪ್ಪ. ಅಕಿ ಅವತ್ತ ಏನಂದ್ಳು?"

ಅಂದಪ್ಪ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ಈ ಮುದುಕಿ ಯಾರು, ಯಾಕ ಅಳಾಕತ್ಯಾಳ ಅಂತ ಕೇಳಿದ್ಳರಿ."

ಗುರುಲಿಂಗವ್ವ ತಲೆಯಾಡಿಸಿದಳು. ಎದ್ದು, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.